ವಾಡಿ ಜಂಕ್ಷನ್ನಿನಲ್ಲಿ ನಿಂತ ಎಣ್ಣೆ: ತೈಲ ದಿಗ್ಬಂಧನದ ಬಲ ಮತ್ತು ಮಿತಿ



ತೈಲವನ್ನು ಅಸ್ತ್ರ ಮಾಡಿಕೊಂಡ ಕಥೆ ಎಂದರೆ ಎಲ್ಲರೂ 1973ರ ಅಕ್ಟೋಬರ್ ತಿಂಗಳನ್ನೇ ಹೇಳುತ್ತಾರೆ. ಇಸ್ರೇಲಿನ ಬೆನ್ನಿಗೆ ನಿಂತವೆಂದು ಅಮೆರಿಕ ಮತ್ತು ನೆದರ್‌ಲೆಂಡ್ಸ್‌ಗೆ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದ ಕಥೆ ಅದು. ಅದಕ್ಕೆ ಕಾಲು ಶತಮಾನ ಮೊದಲೇ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಜನ ಇಂಥದೇ ಒಂದು ನಾಕಾಬಂದಿಯ ಒಳಗೆ ಬದುಕಿದ್ದರು ಎಂಬುದು ನಮ್ಮ ಚರಿತ್ರೆಯ ಪಾಠಗಳಲ್ಲಿ ಒಂದು ಸಾಲಾಗಿಯೂ ಬರುವುದಿಲ್ಲ. ಆಗ ತಡೆ ಹಾಕಿದ್ದು ಸ್ವತಂತ್ರ ಭಾರತ, ತಡೆಗೆ ಸಿಕ್ಕಿದ್ದು ನಿಜಾಮರ ಹೈದರಾಬಾದ್. ಈ ಪ್ರಕರಣವನ್ನು ಎದುರಿಗಿಟ್ಟುಕೊಂಡು ನಾನು ಹೇಳಹೊರಟಿರುವುದು ಇಷ್ಟು: ತೈಲ ದಿಗ್ಬಂಧನದ ಬಲವೆಲ್ಲ ಎಣ್ಣೆ ಸಾಗುವ ದಾರಿಯನ್ನು ಹಿಡಿದವನ ಕೈಯಲ್ಲಿರುತ್ತದೆ, ದಾರಿಯನ್ನು ಪೂರ್ತಿ ಮುಚ್ಚಿದರೂ ಅದರ ಬಿಸಿ ಪ್ರಜೆಗೆ ಮೊದಲು ತಟ್ಟಿ ದೊರೆಗೆ ಕೊನೆಗೆ ತಟ್ಟುವುದರಿಂದ, ಅದೊಂದರಿಂದಲೇ ಜಗಳ ಇತ್ಯರ್ಥವಾಗುವುದು ಅಪರೂಪ.

ಮೊದಲು ನೆಲದ ನಕ್ಷೆ. 82 ಸಾವಿರ ಚದರ ಮೈಲಿಯ ಹೈದರಾಬಾದ್ ಸಂಸ್ಥಾನಕ್ಕೆ ಒಂದು ಗೇಣು ಕಡಲತೀರವೂ ಇರಲಿಲ್ಲ. ಪೋರ್ಚುಗೀಸರಿಂದ ಗೋವೆಯ ಮುರಗಾಂವ್ ಬಂದರನ್ನು ಪಡೆಯುವ ಯತ್ನ ನಡೆದದ್ದೂ ಇದೇ ಕೊರತೆಗಾಗಿ. ಮುಂಬೈಯಿಂದ ಸೊಲ್ಲಾಪುರ, ಕಲಬುರಗಿ, ಶಹಾಬಾದ ದಾಟಿ ರಾಯಚೂರಿನ ಕಡೆಗೆ ಹೋಗುವ ಹಳಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯದು. ವಾಡಿಯಲ್ಲಿ ಅದರಿಂದ ಕವಲೊಡೆದು ಚಿತ್ತಾಪುರ, ಸೇಡಂ, ತಾಂಡೂರು ಮಾರ್ಗವಾಗಿ ಸಿಕಂದರಾಬಾದಿಗೆ ಹೋಗುವುದು 1874ರಲ್ಲಿ ತೆರೆದ ನಿಜಾಮರ ಹಳಿ. ಅಂದರೆ ಪಶ್ಚಿಮದಿಂದ ರಾಜಧಾನಿಗೆ ಬರುವ ಸರಕು ವಾಡಿಯಲ್ಲಿ ಒಂದು ರೈಲ್ವೆಯ ಕೈಯಿಂದ ಇನ್ನೊಂದರ ಕೈಗೆ ದಾಟಬೇಕಿತ್ತು. ಆಗ ಭಾರತದ ಪಾಲಿಗೆ ಉಳಿದಿದ್ದ ಎಣ್ಣೆ ಬಾವಿಗಳು ಅಸ್ಸಾಮಿನ ದಿಗ್ಬೋಯಿಯವಷ್ಟೆ. ಬಾಕಿ ಪೆಟ್ರೋಲನ್ನು ವಿದೇಶಿ ಕಂಪನಿಗಳೇ ಹಡಗಿನಲ್ಲಿ ತರುತ್ತಿದ್ದವು. ಹೀಗೆ ತಾನೇ ಎಣ್ಣೆಗಾಗಿ ಕೈಯೊಡ್ಡುತ್ತಿದ್ದ ದೇಶ ಒಂದು ಸಂಸ್ಥಾನಕ್ಕೆ ಎಣ್ಣೆ ನಿಲ್ಲಿಸಲು ಸಾಧ್ಯವಾದದ್ದು ಬಂದರು ಮತ್ತು ರೈಲು ಅದರ ವಶದಲ್ಲಿದ್ದುದರಿಂದ.

1947ರ ನವೆಂಬರ್ 29ರಂದು ಭಾರತ ಮತ್ತು ಅದಕ್ಕೆ ಸೇರಲೊಪ್ಪದ ಹೈದರಾಬಾದ್ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಹಾಕಿದವು. ಶಾಯಿ ಆರುವ ಮೊದಲೇ ಹೈದರಾಬಾದ್ ಸರಕಾರ ಚಿನ್ನ–ಬೆಳ್ಳಿಯ ರಫ್ತಿಗೆ ತಡೆ ಹಾಕಿತು. ಸಂಸ್ಥಾನದಲ್ಲಿ ಕಲದಾರ, ಅಂದರೆ ಭಾರತದ ರೂಪಾಯಿ, ಚಲಾವಣೆಗೆ ಸಲ್ಲದೆಂದು ಸುಗ್ರೀವಾಜ್ಞೆ ಹೊರಡಿಸಿತು. ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿಯ ಸಾಲವನ್ನೂ ಕೊಟ್ಟಿತು. ಊರೂರಲ್ಲಿ ನಿಜಾಮರ ಪರವಾದ ಸಶಸ್ತ್ರ ಪಡೆ ರಜಾಕಾರರ ಹಾವಳಿ ಬೆಳೆಯಿತು. 1948ರ ಮೇ 22ರಂದು ಮುಂಬೈ–ರಾಯಚೂರು ಹಳಿಯ ಮೇಲಿನ ಗಾಣಗಾಪುರ ನಿಲ್ದಾಣದಲ್ಲಿ ರೈಲಿನ ಮೇಲೆ ದಾಳಿಯಾಯಿತು. ಜೂನ್‌ನಲ್ಲಿ ಮಾತುಕತೆ ಮುರಿದುಬಿದ್ದ ಮೇಲೆ ಭಾರತದ ನಾಕಾಬಂದಿ ಬಿಗಿಯಾಯಿತು. ತಾನು ತಡೆದಿರುವುದು ಶಸ್ತ್ರಾಸ್ತ್ರ ಮತ್ತು ಯುದ್ಧಕ್ಕೆ ಒದಗುವ ಸಾಮಗ್ರಿಯನ್ನು ಮಾತ್ರ ಎಂಬುದು ದೆಹಲಿಯ ನಿಲುವು. ಪೆಟ್ರೋಲು, ಔಷಧಿ, ಕುಡಿಯುವ ನೀರಿಗೆ ಹಾಕುವ ಕ್ಲೋರಿನ್ ಕೂಡ ನಿಂತಿವೆ ಎಂಬುದು ಹೈದರಾಬಾದಿನ ದೂರು. ಒಂದು ವಿಷಯವನ್ನು ಮಾತ್ರ ಯಾರೂ ಅಲ್ಲಗಳೆಯಲಾಗದು: ಯುದ್ಧಕ್ಕೆ ಬೇಕಾದ ಎಣ್ಣೆ ಇದು, ಜನರಿಗೆ ಬೇಕಾದ ಎಣ್ಣೆ ಇದು ಎಂದು ಡಬ್ಬಿಯ ಮೇಲೆ ಬರೆದಿರುವುದಿಲ್ಲ. ಗಡಿಯ ಪ್ರಾಂತಗಳ ಅಧಿಕಾರಿಗಳು ಮತ್ತು ರೈಲ್ವೆ ನೌಕರರು ಕಾಗದದ ಮೇಲಿನ ಆದೇಶಕ್ಕಿಂತ ಮುಂದೆ ಹೋಗುವುದು ಇಂಥ ಪ್ರಸಂಗಗಳಲ್ಲಿ ಸಹಜ.

ಈಗ ಆ ಪೆಟ್ರೋಲು ಇಲ್ಲಿ ಯಾರಿಗೆ ಬೇಕಿತ್ತು ಎಂದು ಸ್ವಲ್ಪ ನಿಂತು ನೋಡೋಣ. ನಿಜಾಮರ ರೈಲು ಓಡುತ್ತಿದ್ದುದು ಕಲ್ಲಿದ್ದಲಿನಿಂದ. ಆ ಕಲ್ಲಿದ್ದಲು ಸಂಸ್ಥಾನದ ಒಳಗಿನ ಸಿಂಗರೇಣಿ ಗಣಿಯದೇ. 1936ರಲ್ಲಿ ಎಸಿಸಿ ಕಂಪನಿಯೊಳಗೆ ಸೇರಿಹೋಗಿದ್ದ ಶಹಾಬಾದ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಬೇಕಾದದ್ದೂ ಕಲ್ಲಿದ್ದಲೇ. ಚಿಂಚೋಳಿಯ ರೈತನ ತೊಗರಿ, ಶಹಾಬಾದಿನ ಫರ್ಸಿಕಲ್ಲು ಎತ್ತಿನ ಬಂಡಿಯ ಮೇಲೆ ಹೋಗುತ್ತಿದ್ದವು. ಪೆಟ್ರೋಲು ಕುಡಿಯುತ್ತಿದ್ದವು ಸೈನ್ಯದ ಗಾಡಿಗಳು, ಅಧಿಕಾರಿಗಳ ಮೋಟಾರುಗಳು, ಲಾರಿಗಳು, ಮತ್ತು 1932ರಲ್ಲಿ 27 ಬಸ್ಸುಗಳಿಂದ ಶುರುವಾದ ನಿಜಾಮ್ ರೈಲ್ವೆಯ ರಸ್ತೆ ಸಾರಿಗೆ. ಹಾಗಾದರೆ ಏಟು ಅಧಿಕಾರಸ್ಥರಿಗೇ ಬಿತ್ತಲ್ಲ ಎನ್ನಬಹುದು. ಆದರೆ ಸರಬರಾಜು ಇಳಿದಾಗ ಇದ್ದದ್ದನ್ನು ಹಂಚುವವನು ಯಾರು? ಅದೇ ಸರಕಾರ. ಎಲ್ಲ ಸರಕಾರಗಳೂ ಮೊದಲು ಸೈನ್ಯಕ್ಕೆ, ಆಮೇಲೆ ಕಚೇರಿಗೆ ಇಟ್ಟುಕೊಂಡು, ಕೊನೆಗೆ ಉಳಿದರೆ ಬಸ್ಸಿಗೆ ಬಿಡುತ್ತವೆ. ಹಳ್ಳಿಯವನಿಗೆ ಬೇಕಾದದ್ದು ಚಿಮಣಿಗೆ ಒಂದು ಪಾವು ಸೀಮೆಎಣ್ಣೆ, ಒಂದಿಷ್ಟು ಉಪ್ಪು. ಕಡಲಿಲ್ಲದ ನಾಡಿಗೆ ಇವೆರಡೂ ಹೊರಗಿನಿಂದಲೇ ಬರಬೇಕು. ಕೊರತೆಯ ಕಾಲದಲ್ಲಿ ಕಾಳಸಂತೆ ಹಿಡಿಯುವುದೂ ಇವನ್ನೇ. ರಜಾಕಾರರ ಕೈಯಲ್ಲಿ ನಲುಗುತ್ತಿದ್ದವನೂ ಇವನೇ, ನಾಕಾಬಂದಿಯ ಬಿಸಿ ತಾಗಿದವನೂ ಇವನೇ. ಯಾರನ್ನು ಬಿಡಿಸಬೇಕೆಂದು ಒತ್ತಡ ಹೇರಲಾಯಿತೋ ಅವರ ಮೇಲೆಯೇ ಅದರ ಭಾರದ ದೊಡ್ಡ ಪಾಲು ಬಿತ್ತು.

ಇಷ್ಟಾದರೂ ಸೆಪ್ಟೆಂಬರ್ 17ಕ್ಕೆ ನಿಜಾಮ ಮಣಿಯಲಿಲ್ಲವೇ ಎಂಬುದು ಬಲವಾದ ಆಕ್ಷೇಪ. ಮಣಿದದ್ದು ನಿಜ. ಆದರೆ ಸೆಪ್ಟೆಂಬರ್ 13ರಂದು ಸೈನ್ಯ ಗಡಿ ದಾಟಿದ ಮೇಲೆ. ತಿಂಗಳುಗಟ್ಟಲೆಯ ನಾಕಾಬಂದಿಯಿಂದ ಆಗದ್ದನ್ನು ಐದು ದಿನದ ಕಾರ್ಯಾಚರಣೆ ಮಾಡಿತು. ನಾಕಾಬಂದಿಯ ಅವಧಿಯಲ್ಲಿ ಹೈದರಾಬಾದಿನ ಪ್ರಧಾನಿ ಲಾಯಕ್ ಅಲಿಯ ಸರಕಾರ ಮೆತ್ತಗಾಗುವ ಬದಲು ಹಟ ಹಿಡಿಯಿತು: ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯನ್ ವೈಮಾನಿಕ ಕರಾಚಿಯಿಂದ ರಾತ್ರಿ ಹೊತ್ತು ಬೀದರ ಮತ್ತು ವರಂಗಲ್ಲಿಗೆ ಬಂದೂಕು ಇಳಿಸಿದ, ಆಗಸ್ಟ್ 21ರಂದು ಭದ್ರತಾ ಮಂಡಳಿಗೆ ದೂರು ಹೋಯಿತು. ಬಂದೂಕು ವಿಮಾನದಲ್ಲಿ ಬರುತ್ತದೆ, ಒಂದು ರಾಜ್ಯಕ್ಕೆ ಸಾಲುವಷ್ಟು ಪೆಟ್ರೋಲು ಬರುವುದಿಲ್ಲ. ತೈಲ ದಿಗ್ಬಂಧನ ಎದುರಾಳಿಯ ಚಲನೆಯನ್ನು ಕುಗ್ಗಿಸುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ. ಹೈದರಾಬಾದಿನ ಸೈನ್ಯ ಬೇಗ ಕುಸಿದದ್ದರಲ್ಲಿ ಅದರ ಪಾಲೂ ಇದ್ದೀತು. ಆದರೆ ಅದು ಯುದ್ಧದ ಪೂರ್ವಸಿದ್ಧತೆ ಆಯಿತೇ ಹೊರತು ಯುದ್ಧಕ್ಕೆ ಬದಲಿ ಆಗಲಿಲ್ಲ. ಇನ್ನು, ಭಾರತದ ಪಕ್ಷವೇ ನ್ಯಾಯವಾಗಿತ್ತಲ್ಲ ಎಂದರೆ, ಹೌದು, ಈ ಭಾಗದ ವಿಮೋಚನೆ ನ್ಯಾಯದ್ದೇ. ಉದ್ದೇಶ ನ್ಯಾಯವಾದ ಮಾತ್ರಕ್ಕೆ ಹಿಡಿದ ಆಯುಧವೂ ಫಲ ಕೊಟ್ಟಿತು ಎನ್ನಲಾಗದು.

ಹೊರಗಿನ ನಿದರ್ಶನಗಳೂ ಇದನ್ನೇ ಹೇಳುತ್ತವೆ. 1941ರ ಆಗಸ್ಟಿನಲ್ಲಿ ಅಮೆರಿಕ ಜಪಾನಿಗೆ ಎಣ್ಣೆ ನಿಲ್ಲಿಸಿದಾಗ ಜಪಾನಿನ ಎಣ್ಣೆಯ ಬಹುಪಾಲು ಬರುತ್ತಿದ್ದುದೇ ಅಲ್ಲಿಂದ. ದಾಸ್ತಾನು ಮುಗಿಯುವ ಮೊದಲೇ ಹೊಡೆಯಬೇಕೆಂದು ಟೋಕಿಯೊ ಲೆಕ್ಕ ಹಾಕಿತು. ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ನಡೆಯಿತು. ರೊಡೇಷಿಯಾದ ಬಿಳಿಯರ ಸರಕಾರಕ್ಕೆ ಎಣ್ಣೆ ತಲುಪದಂತೆ 1966ರಿಂದ ಬ್ರಿಟಿಷ್ ನೌಕೆಗಳು ಬೈರಾ ಬಂದರಿನ ಮುಂದೆ ವರ್ಷಗಟ್ಟಲೆ ಕಾವಲು ನಿಂತವು. ಎಣ್ಣೆ ದಕ್ಷಿಣ ಆಫ್ರಿಕದ ಕಡೆಯಿಂದ ಬರುತ್ತಲೇ ಇತ್ತು. ಅದರಲ್ಲಿ ಬ್ರಿಟಿಷ್ ಕಂಪನಿಗಳ ಕೈವಾಡವೂ ಇತ್ತೆಂದು 1978ರ ಬಿಂಗಮ್ ತನಿಖಾ ವರದಿ ಹೇಳಿತು. ನಮಗೆ ಹೆಚ್ಚು ಹತ್ತಿರದ್ದು 2015ರಲ್ಲಿ ನೇಪಾಳಕ್ಕೆ ಭಾರತದ ಕಡೆಯಿಂದ ಎಣ್ಣೆ ನಿಂತದ್ದು. ಅಲ್ಲಿಯೂ ದಿಗ್ಬಂಧನವಿಲ್ಲ ಎಂದೇ ದೆಹಲಿ ಹೇಳಿತು. ಆದರೆ ಗಡಿಯ ರಕ್ಸೌಲಿನಲ್ಲಿ ಟ್ಯಾಂಕರುಗಳು ನಿಂತಿದ್ದವು. ಯಾರ ಹಕ್ಕಿಗಾಗಿ ಈ ಒತ್ತಡವೋ ಆ ತರಾಯಿಯ ಮಧೇಶಿಗಳ ಮನೆಯಲ್ಲೂ ಗ್ಯಾಸ್ ಇರಲಿಲ್ಲ. ಮರುವರ್ಷದ ಮಾರ್ಚಿನಲ್ಲಿ ಕಾಠ್ಮಂಡು ಚೀನಾದೊಂದಿಗೆ ಸಾರಿಗೆ ಒಪ್ಪಂದ ಮಾಡಿಕೊಂಡಿತು.

ವರ್ಣಭೇದದ ದಕ್ಷಿಣ ಆಫ್ರಿಕವನ್ನು ಮಣಿಸಿದ್ದರಲ್ಲಿ ತೈಲ ನಿರ್ಬಂಧದ ಪಾತ್ರವಿಲ್ಲವೇ ಎಂಬ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಇದೆ. ಆದರೆ ಅದು ದಶಕಗಳ ಕಾಲ, ಹಣಕಾಸು ಮತ್ತು ವ್ಯಾಪಾರದ ನಿರ್ಬಂಧಗಳ ಜತೆಗೂಡಿ ನಡೆದದ್ದು. ಅಲ್ಲಿನ ಕರಿಯರ ಚಳವಳಿ ತಾನೇ ಅದನ್ನು ಕೇಳಿತ್ತು. ಅಷ್ಟಿದ್ದೂ ಆ ಸರಕಾರ ಕಲ್ಲಿದ್ದಲಿನಿಂದ ಎಣ್ಣೆ ತೆಗೆಯುವುದನ್ನು ಬೆಳೆಸಿಕೊಂಡು ಬದುಕಿತು. ಇನ್ನು 1973ರ ಅರಬರು ಬಾವಿಯ ಒಡೆಯರಾಗಿದ್ದರೂ ಹಡಗಿನ ಒಡೆಯರಾಗಿರಲಿಲ್ಲ. ಕಂಪನಿಗಳು ಇರುವ ಎಣ್ಣೆಯನ್ನೇ ತಿರುಗಿಸಿ ಹಂಚಿದವು, ನೆದರ್‌ಲೆಂಡ್ಸ್ ಒಣಗಲಿಲ್ಲ. ಬ್ಯಾರಲಿಗೆ 3 ಡಾಲರಿನ ಆಸುಪಾಸಿನಲ್ಲಿದ್ದ ಬೆಲೆ ಜನವರಿ ಹೊತ್ತಿಗೆ 11 ಡಾಲರ್ ದಾಟಿತು. ಆ ಹೊರೆ ಅರಬರ ಮಿತ್ರನೇ ಆಗಿದ್ದ ಭಾರತದ ಬೆನ್ನಿಗೂ ಬಿತ್ತು.

ನಮ್ಮ ಕಡೆಗೆ ಮರಳಿದರೆ, ಇವತ್ತು ಈ ಸೀಮೆಯ ಸಿಮೆಂಟ್ ಗೂಡುಗಳಲ್ಲಿ ಕಲ್ಲಿದ್ದಲಿನ ಜತೆ ತೈಲ ಶುದ್ಧೀಕರಣದ ಉಳಿಕೆಯಾದ ಪೆಟ್‌ಕೋಕ್ ಉರಿಯುತ್ತದೆ. ವಾಡಿ, ಸೇಡಂ, ಮಳಖೇಡದ ಸಿಮೆಂಟು ಡೀಸೆಲ್ ಲಾರಿಯಲ್ಲಿ ಹೋಗುತ್ತದೆ. ಬಂಡಿಯ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ. 1948ರಲ್ಲಿ ಪೆಟ್ರೋಲಿಲ್ಲದೆ ಬಿತ್ತನೆ ನಡೆಯುತ್ತಿತ್ತು, ಈಗ ಡೀಸೆಲ್ಲಿಲ್ಲದೆ ನಡೆಯದು. ಅಂದು ದಾರಿ ಹಿಡಿದು ನಿಂತಿದ್ದ ಭಾರತದ ಮೇಲೆ 2025ರ ಆಗಸ್ಟಿನಲ್ಲಿ ರಷ್ಯದ ಎಣ್ಣೆ ಕೊಂಡದ್ದಕ್ಕೆಂದು ಅಮೆರಿಕ ಹೆಚ್ಚುವರಿ ಶೇ 25 ಸುಂಕ ಹೇರಿತು. ಬೇಕಾದ ಕಚ್ಚಾತೈಲದಲ್ಲಿ ಶೇ 85ಕ್ಕೂ ಹೆಚ್ಚನ್ನು ಹೊರಗಿನಿಂದ ತರುವ ನಾವು ನೆರೆಯವರ ಮೇಲೆ ಈ ಅಸ್ತ್ರ ಎತ್ತುವ ಮುನ್ನ ಸೀಮೆಎಣ್ಣೆ, ಅಡುಗೆ ಅನಿಲ, ಔಷಧಿಗಳನ್ನು ಬರವಣಿಗೆಯಲ್ಲಿಯೇ ಹೊರಗಿಡಬೇಕು, ಮತ್ತು ನಮ್ಮ ದಾಸ್ತಾನನ್ನು ಬೆಳೆಸಿಕೊಳ್ಳಬೇಕು. ಸರಕಾರ ನೆಲದಡಿಯಲ್ಲಿ ಕಟ್ಟಿರುವ ತುರ್ತು ತೈಲ ಸಂಗ್ರಹಾಗಾರಗಳ ಒಟ್ಟು ಸಾಮರ್ಥ್ಯ 53.3 ಲಕ್ಷ ಟನ್. ಅದರಲ್ಲಿ 40 ಲಕ್ಷ ಟನ್ ಕರ್ನಾಟಕದ ಕರಾವಳಿಯ ಮಂಗಳೂರು ಮತ್ತು ಪಾದೂರಿನಲ್ಲಿದೆ. ಅದೆಲ್ಲ ತುಂಬಿದ್ದರೂ ಇಡೀ ದೇಶಕ್ಕೆ ಸಾಲುವುದು ಹತ್ತು ದಿನಕ್ಕಿಂತ ಕಡಿಮೆ.