ನಿಲ್ಲದ ಯಂತ್ರ

ಓಡದ ಯಂತ್ರದ ಗೋಳು ಎಲ್ಲರಿಗೂ ಗೊತ್ತು. ನಾನು ಇಂದು ಹೇಳಹೊರಟಿರುವುದು ನಿಲ್ಲದ ಯಂತ್ರದ ಮಾತನ್ನು.

ಪಂಚಗಂಗಾವಳಿ ಕಡಲು ಸೇರುವ ಗಂಗೊಳ್ಳಿಯಲ್ಲಿ ಒಂದು ಸಂಜೆ ನಾಡದೋಣಿಯಲ್ಲಿ ದಡಕ್ಕೆ ಮರಳುತ್ತಿದ್ದೆ. ಬಂದರಿನ ಧಕ್ಕೆಯ ಬಳಿ ಹುಡುಗರು ಈಜುತ್ತಿದ್ದರು. ದೋಣಿಯ ತಾಂಡೇಲರು ಹಿಂಬದಿಯ ಔಟ್‌ಬೋರ್ಡ್ ಯಂತ್ರದ ಕೆಂಪು ಗುಂಡಿಯನ್ನು ಒತ್ತಿದರು. ಯಂತ್ರ ನಿಲ್ಲಲಿಲ್ಲ. ಮತ್ತೆ ಒತ್ತಿದರು, ಅದೇ ಅಬ್ಬರ. ಅವರು ಗಾಬರಿಗೊಳ್ಳದೆ ಮೊದಲು ಗೇರನ್ನು ನ್ಯೂಟ್ರಲ್‌ಗೆ ತಂದರು. ನೀರೊಳಗಿನ ರೆಕ್ಕೆ ನಿಂತಿತು. ಬಳಿಕ ಚೋಕನ್ನು ಪೂರ್ತಿ ಎಳೆದರು. ಗಾಳಿ ಸಾಲದೆ ಯಂತ್ರ ಕೆಮ್ಮಿ ಸುಮ್ಮನಾಯಿತು.

ಮನೆಯ ದೀಪವನ್ನು ಆರಿಸಲು ವಿದ್ಯುತ್ತಿನ ದಾರಿಯನ್ನು ಕಡಿದರೆ ಸಾಕು. ಇಲ್ಲಿ ಹಾಗಲ್ಲ. ಯಂತ್ರ ತಿರುಗುವಷ್ಟು ಕಾಲವೂ ಅದರ ಮ್ಯಾಗ್ನೆಟೊ ಬ್ಯಾಟರಿಯ ಹಂಗಿಲ್ಲದೆ ಕಿಡಿ ಹುಟ್ಟಿಸುತ್ತದೆ. ಗುಂಡಿ ಒತ್ತಿದಾಗ ಒಂದು ಸಣ್ಣ ತಂತಿ ಆ ವಿದ್ಯುತ್ತನ್ನು ಯಂತ್ರದ ಲೋಹದೊಡಲಿಗೆ ಹರಿಸಿಬಿಡುತ್ತದೆ. ಕಿಡಿ ಹಾರದೆ ಯಂತ್ರ ನಿಲ್ಲುತ್ತದೆ. ಅಂದರೆ ನಿಲ್ಲಿಸುವುದೆಂದರೆ ಕಡಿಯುವುದಲ್ಲ, ಕೂಡಿಸುವುದು. ಉಪ್ಪುಗಾಳಿಗೆ ಆ ತಂತಿ ಕಿಲುಬುಗಟ್ಟಿ ತುಂಡಾದರೆ ಗುಂಡಿಯ ಅಪ್ಪಣೆ ತಲುಪುವುದೇ ಇಲ್ಲ. ಚಾಲಕನ ಮಣಿಕಟ್ಟಿಗೆ ಕಟ್ಟುವ ರಕ್ಷಣೆಯ ಹುರಿಯೂ ಸಾಮಾನ್ಯವಾಗಿ ಅದೇ ತಂತಿಯನ್ನು ನಂಬಿರುತ್ತದೆ.

ಚೋಕ್ ಕೈಕೊಟ್ಟರೆ ಇಂಧನದ ಕೊಳವೆಯನ್ನು ಕಳಚಬೇಕು. ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಉರಿದು ಮುಗಿಯುವವರೆಗೆ ತಾಳ್ಮೆ ಬೇಕು. ಪ್ಲಗ್ಗಿನ ತಂತಿಯನ್ನು ಮಾತ್ರ ಬರಿಗೈಯಲ್ಲಿ ಕೀಳಬಾರದು. ಅದರಲ್ಲಿರುವುದು ಸಾವಿರಾರು ವೋಲ್ಟಿನ ಪೆಟ್ಟು.

ಮರುದಿನ ಹೊಸ ತಂತಿ ಬಂತು. ಕಡಲಿಗಿಳಿಯುವ ಮುನ್ನ ತಾಂಡೇಲರು ದಡದಲ್ಲೇ ಯಂತ್ರವನ್ನು ಚಾಲೂ ಮಾಡಿ, ಗುಂಡಿ ಒತ್ತಿ, ನಿಲ್ಲಿಸಿ ನೋಡಿದರು. "ಹೊರಡುತ್ತದೋ ಎಂದು ಎಲ್ಲರೂ ನೋಡುತ್ತಾರೆ. ನಿಲ್ಲುತ್ತದೋ ಎಂದೂ ನೋಡಬೇಕು, ಮಾರಾಯ್ರೆ" ಎಂದರು.