ಬ್ಯಾಟಿನ ಮರಕ್ಕೂ ಲೂಬಿಕ್ಕಕ್ಕೂ ನೆಂಟಸ್ತನ



ಕ್ರಿಕೆಟ್ ಬ್ಯಾಟನ್ನು ಯಾವ ಮರದಿಂದ ಮಾಡುತ್ತಾರೆ ಎಂದು ನಿಮ್ಮ ಮನೆಯ ಮಕ್ಕಳನ್ನು ಕೇಳಿ ನೋಡಿ. ವಿಲ್ಲೋ ಎಂದು ಥಟ್ಟನೆ ಹೇಳುತ್ತಾರೆ. ಇಂಗ್ಲೆಂಡಿನ ವಿಲ್ಲೋ, ಕಾಶ್ಮೀರದ ವಿಲ್ಲೋ ಎಂದು ಎರಡು ಬಗೆ ಉಂಟು ಎಂಬುದೂ ಅವರಿಗೆ ಗೊತ್ತು. ಆದರೆ ಆ ಮರದ ನೆಂಟನೊಬ್ಬ ನಮ್ಮ ಹಿತ್ತಿಲಲ್ಲೇ ಇದ್ದಾನೆ ಎಂದರೆ ನಿಮ್ಮಲ್ಲಿ ಹೆಚ್ಚಿನವರು ನಂಬಲಿಕ್ಕಿಲ್ಲ. ಮಲಯಾಳದಲ್ಲಿ ಲೂಬಿಕ್ಕ, ಲೋಲೋಲಿಕ್ಕ ಎಂದು ಕರೆಯುವ, ಉಪ್ಪು ಮೆಣಸು ಬೆರೆಸಿ ಉಪ್ಪಿನಕಾಯಿ ಹಾಕುವ ಕೆಂಪು ಹುಳಿಹಣ್ಣು ಉಂಟಲ್ಲ, ಅದರ ಮರವೇ ಆ ನೆಂಟ. ನಮ್ಮ ಗುಡ್ಡೆಕಾಡುಗಳ ಹಣ್ಣುಸಂಪಿಗೆ, ಮಲಯಾಳದ ಚರಲ್‌ಪಳಂ, ಅದೂ ಇದೇ ಬಳಗದ್ದು. ಈ ಸಂಬಂಧವನ್ನು ಗಟ್ಟಿಮಾಡಿ ತೋರಿಸಿದ್ದು ಡಿಎನ್‌ಎ ಪರೀಕ್ಷೆ. ಅದನ್ನು ಹೇಗೆ ಮಾಡಿದರು, ಅದರಿಂದ ನಮಗೆ ಏನು ಪ್ರಯೋಜನ ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ನಾನು ವಿಜ್ಞಾನಿಯಲ್ಲ. ಓದಿದ್ದು ಹತ್ತನೆಯ ತರಗತಿಯವರೆಗೆ, ದುಡಿದದ್ದು ಬ್ಯಾಂಕಿನ ಗುಮಾಸ್ತನಾಗಿ. ಆದರೆ ಈ ವಿಷಯವನ್ನು ಓದುತ್ತ ಹೋದ ಹಾಗೆ, ಇದು ಲೆಡ್ಜರ್ ತಾಳೆ ನೋಡುವ ಕೆಲಸವೇ ಅಲ್ಲವೇ ಎಂದು ನನಗೆ ಅನ್ನಿಸಿತು. ಆದ್ದರಿಂದ ನನಗೆ ಗೊತ್ತಿರುವ ರೀತಿಯಲ್ಲಿಯೇ ನಿಮಗೂ ಹೇಳುತ್ತೇನೆ.

ಮೊದಲು ಮರದ ಪರಿಚಯ. ವಿಲ್ಲೋ ಹೆಚ್ಚಾಗಿ ತಂಪು ದೇಶಗಳ ಹೊಳೆದಡದ ಮರ. ಅದರಲ್ಲಿ ನಾನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಕೆಲವು ದೊಡ್ಡ ಮರಗಳಾದರೆ, ಧ್ರುವದ ಹತ್ತಿರದ ಕೆಲವು ಗೇಣುದ್ದವೂ ಏಳದೆ ನೆಲಕ್ಕೆ ಅಂಟಿಕೊಂಡೇ ಬದುಕುತ್ತವೆ. ನಮ್ಮ ದೇಶದಲ್ಲಿಯೂ ಹಿಮಾಲಯದ ತಪ್ಪಲಿನಿಂದ ದಕ್ಷಿಣದ ಹೊಳೆಗಳವರೆಗೆ ಬೆಳೆಯುವ ಒಂದು ವಿಲ್ಲೋ ಉಂಟು. ಕನ್ನಡದಲ್ಲಿ ಅದು ನೀರವಂಜಿ, ಮಲಯಾಳದಲ್ಲಿ ಆಟ್ಟುಪಾಲ, ಮರಾಠಿಯಲ್ಲಿ ವಾಳುಂಜ್. ವಿಲ್ಲೋವಿನ ಹೂವಿಗೆ ಎಸಳಿಲ್ಲ. ಸಣ್ಣ ಸಣ್ಣ ಹೂಗಳು ತೆನೆಯ ಹಾಗೆ ಒತ್ತಾಗಿ ಸೇರಿರುತ್ತವೆ. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ನಮ್ಮಲ್ಲಿ ಜಾಯಿಕಾಯಿ ಬೆಳೆಸುವವರಿಗೆ ಈ ಸಂಗತಿ ಹೊಸತಲ್ಲ. ಬೀಜಕ್ಕೆ ಹತ್ತಿಯಂಥ ನವಿರು ಇರುತ್ತದೆ, ಗಾಳಿಯಲ್ಲಿ ತೇಲಿಹೋಗುತ್ತದೆ.

ಸ್ವೀಡನ್ನಿನ ಲಿನೇಯಸ್ ಎಂಬ ಸಸ್ಯವಿಜ್ಞಾನಿ 1753ರ ತನ್ನ ಗ್ರಂಥದಲ್ಲಿ ಈ ಮರಗಳನ್ನು ಸೇಲಿಕ್ಸ್ ಎಂಬ ಹೆಸರಿನಲ್ಲಿ ಸೇರಿಸಿದ. ಆ ಮೇಲೆ ಬಹುಕಾಲ ವಿಲ್ಲೋ ಮತ್ತು ಪಾಪ್ಲರ್ ಇವೆರಡೇ ಒಂದು ಕುಟುಂಬ ಎಂದು ಎಣಿಸಲಾಗುತ್ತಿತ್ತು. ಪಾಪ್ಲರ್ ಎಂದರೆ ಪಂಜಾಬ್, ಹರಿಯಾಣಗಳ ರೈತರು ಪ್ಲೈವುಡ್ಡಿಗಾಗಿ ಬೆಳೆಸುವ ಮರ. ಹೂವು ಇಷ್ಟು ಸರಳವಾಗಿರುವುದರಿಂದ ಇದು ಬಹಳ ಪುರಾತನ ಕುಟುಂಬ, ಇದಕ್ಕೆ ಹತ್ತಿರದ ಬಂಧುಗಳೇ ಇಲ್ಲ ಎಂದು ಕೆಲವು ವಿದ್ವಾಂಸರು ತಿಳಿದಿದ್ದರು. ಹೊರಗಿನ ರೂಪವನ್ನು ನೋಡಿ ಸಂಬಂಧ ಹೇಳುವಾಗ ಹೀಗಾಗುವುದುಂಟು. ಮನೆಯಲ್ಲಿ ಸರಳವಾಗಿ ಬದುಕುವವರೆಲ್ಲ ಹಿಂದಿನಿಂದಲೂ ಹಾಗೆಯೇ ಇದ್ದರು ಎನ್ನಲಾಗುವುದಿಲ್ಲವಷ್ಟೆ. ಇದ್ದ ಆಭರಣ ಕಳಚಿಟ್ಟವರೂ ಇರಬಹುದು. ವಿಲ್ಲೋವಿನ ಹೂವು ಅಂಥದ್ದು. ಹಿಂದೆ ಇದ್ದದ್ದನ್ನು ಅದು ಕಳೆದುಕೊಂಡಿದೆ.

ಇನ್ನು ಲೂಬಿಕ್ಕದ ಕಡೆಗೆ ಬರೋಣ. ಅದರ ಶಾಸ್ತ್ರೀಯ ಹೆಸರು ಫ್ಲಕೂರ್ಟಿಯಾ. ಅದರದ್ದೇ ಹೆಸರಿನಲ್ಲಿ ಫ್ಲಕೂರ್ಟಿಯೇಸಿ ಎಂಬ ದೊಡ್ಡ ಕುಟುಂಬವೊಂದು ಪುಸ್ತಕಗಳಲ್ಲಿತ್ತು. ಬ್ಯಾಂಕಿನಲ್ಲಿ ಸಸ್ಪೆನ್ಸ್ ಅಕೌಂಟ್ ಎಂಬುದೊಂದು ಇರುತ್ತದೆ. ಹಣ ಬಂದಿದೆ, ಆದರೆ ಯಾರ ಖಾತೆಗೆ ಹಾಕಬೇಕೆಂದು ತಿಳಿಯುವುದಿಲ್ಲ. ಆಗ ತಾತ್ಕಾಲಿಕವಾಗಿ ಅದನ್ನು ಅಲ್ಲಿ ಹಾಕಿಡುತ್ತಾರೆ. ಸಸ್ಯಶಾಸ್ತ್ರದಲ್ಲಿ ಫ್ಲಕೂರ್ಟಿಯೇಸಿ ಅಂಥದೊಂದು ಸಸ್ಪೆನ್ಸ್ ಅಕೌಂಟ್ ಆಗಿತ್ತು. ಎಲ್ಲಿಯೂ ಸಲ್ಲದ ಉಷ್ಣವಲಯದ ಮರಗಳನ್ನೆಲ್ಲ ಅದರಲ್ಲಿ ತುಂಬಿದ್ದರು. ನಮ್ಮ ಮರೋಟಿಯೂ ಅದರಲ್ಲೇ ಇತ್ತು. ಕನ್ನಡದಲ್ಲಿ ಗರುಡಫಲ ಎನ್ನುತ್ತೇವೆ. ಅದರ ಬೀಜದ ಎಣ್ಣೆಯನ್ನು ಹಿಂದೆ ಕುಷ್ಠರೋಗಕ್ಕೆ ಬಳಸುತ್ತಿದ್ದರು. ಕಾಯಿಯ ಚಿಪ್ಪಿನಲ್ಲಿ ದೀಪ ಹಚ್ಚುವುದನ್ನು ಕೇರಳದ ದೇವಸ್ಥಾನಗಳಲ್ಲಿ ನೀವು ಕಂಡಿರಬಹುದು. ಹೀಗೆ ಲೂಬಿಕ್ಕವೂ ಮರೋಟಿಯೂ ಒಂದೇ ಮನೆಯವರೆಂದು ದಾಖಲಾಗಿತ್ತು.

ಈಗ ಡಿಎನ್‌ಎ ಎಂದರೇನು ಎಂಬುದನ್ನು ನೋಡೋಣ. ಪ್ರತಿಯೊಂದು ಜೀವಕೋಶದಲ್ಲಿಯೂ ಒಂದು ಉದ್ದನೆಯ ಬರಹ ಉಂಟು. ಅದರಲ್ಲಿ ಬಳಕೆಯಾಗುವುದು ನಾಲ್ಕೇ ಅಕ್ಷರ, ಎ, ಟಿ, ಜಿ, ಸಿ. ಮರದಿಂದ ಬೀಜಕ್ಕೆ, ಬೀಜದಿಂದ ಮುಂದಿನ ಮರಕ್ಕೆ ಈ ಬರಹ ನಕಲಾಗುತ್ತ ಹೋಗುತ್ತದೆ. ನಕಲು ಮಾಡುವಾಗ ಎಲ್ಲೋ ಒಮ್ಮೊಮ್ಮೆ ಒಂದು ಅಕ್ಷರ ತಪ್ಪುತ್ತದೆ. ಆ ತಪ್ಪು ಮುಂದಿನ ನಕಲುಗಳಲ್ಲಿಯೂ ಹಾಗೆಯೇ ಉಳಿಯುತ್ತದೆ.

ಕಂಪ್ಯೂಟರ್ ಬರುವ ಮೊದಲು ಬ್ಯಾಂಕುಗಳಲ್ಲಿ ಹಳೆಯ ಲೆಡ್ಜರ್ ತುಂಬಿದಾಗ ಹೆಸರು, ವಿಳಾಸ, ಬಾಕಿ ಎಲ್ಲವನ್ನೂ ಹೊಸ ಲೆಡ್ಜರಿಗೆ ಕೈಯಲ್ಲೇ ಬರೆಯಬೇಕಾಗಿತ್ತು. ಒಂದು ಪುಸ್ತಕದಲ್ಲಿ ಐತಪ್ಪ ಎಂಬ ಹೆಸರು ಐತಣ್ಣ ಎಂದಾಗಿದೆ ಎಂದಿಟ್ಟುಕೊಳ್ಳಿ. ಅದನ್ನು ನೋಡಿ ಬರೆದ ಎಲ್ಲ ಪುಸ್ತಕಗಳಲ್ಲಿಯೂ ಐತಣ್ಣ ಎಂದೇ ಇರುತ್ತದೆ. ಐದು ಪುಸ್ತಕಗಳನ್ನು ನಿಮ್ಮ ಮುಂದಿಟ್ಟು, ಯಾವುದನ್ನು ನೋಡಿ ಯಾವುದನ್ನು ಬರೆದರು ಎಂದು ಕೇಳಿದರೆ ನೀವು ಏನು ಮಾಡುತ್ತೀರಿ? ಸರಿಯಾಗಿ ಇರುವುದನ್ನು ನೋಡಿದರೆ ಏನೂ ಗೊತ್ತಾಗುವುದಿಲ್ಲ, ಅದು ಎಲ್ಲದರಲ್ಲಿಯೂ ಒಂದೇ. ಒಂದೇ ಪುಸ್ತಕದಲ್ಲಿರುವ ತಪ್ಪಿನಿಂದಲೂ ಸಂಬಂಧ ತಿಳಿಯುವುದಿಲ್ಲ. ಎರಡು ಮೂರು ಪುಸ್ತಕಗಳು ಹಂಚಿಕೊಂಡ ತಪ್ಪನ್ನು ಹುಡುಕಬೇಕು. ಅವು ಒಂದೇ ಮೂಲದಿಂದ ಬಂದವು. ಇಬ್ಬರು ಗುಮಾಸ್ತರು ಬೇರೆ ಬೇರೆಯಾಗಿ ಒಂದೇ ತಪ್ಪು ಮಾಡುವುದೂ ಸಾಧ್ಯವಾದ್ದರಿಂದ ಒಂದು ತಪ್ಪನ್ನು ನೆಚ್ಚಿಕೊಳ್ಳಬಾರದು, ನೂರಾರು ಸಾಲು ತಾಳೆ ನೋಡಬೇಕು. ಡಿಎನ್‌ಎಯಿಂದ ವಂಶ ತಿಳಿಯುವ ವಿದ್ಯೆಯ ಮರ್ಮ ಇಷ್ಟೇ.

ಅಕ್ಷರ ಓದುವ ಒಳ್ಳೆಯ ಉಪಾಯವನ್ನು ಇಂಗ್ಲೆಂಡಿನ ಸ್ಯಾಂಗರ್ 1977ರಲ್ಲಿ ಕೊಟ್ಟರು. ಎಲೆಯ ಚಿಕ್ಕ ತುಣುಕಿನಿಂದ ಸಿಕ್ಕ ಅಲ್ಪ ಡಿಎನ್‌ಎಯನ್ನು ಲಕ್ಷಾಂತರ ಪ್ರತಿ ಮಾಡುವ ವಿಧಾನ 1980ರ ದಶಕದಲ್ಲಿ ಬಂತು. ಸಸ್ಯಗಳಲ್ಲಿ ಮೊದಲು ಹೆಚ್ಚು ಬಳಕೆಯಾದದ್ದು ಆರ್‌ಬಿಸಿಎಲ್ ಎಂಬ ಜೀನ್. ಸುಮಾರು 1400 ಅಕ್ಷರಗಳ ಬರಹ ಅದು. ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹಿಡಿದು ಆಹಾರ ಮಾಡುವ ಕೆಲಸಕ್ಕೆ ಬೇಕಾದ ಜೀನ್ ಆದ್ದರಿಂದ ಅದು ಬಹಳ ನಿಧಾನವಾಗಿ ಬದಲಾಗುತ್ತದೆ. ದೂರದ ಸಂಬಂಧ ನೋಡುವುದಕ್ಕೆ ಹಳೆಯ, ಅಳಿಸದ ಪುಸ್ತಕವೇ ಬೇಕಷ್ಟೆ. 1993ರಲ್ಲಿ ನಲವತ್ತಕ್ಕೂ ಹೆಚ್ಚು ವಿಜ್ಞಾನಿಗಳು ಕೂಡಿ ಸುಮಾರು 500 ಸಸ್ಯಗಳ ಈ ಜೀನನ್ನು ಸಾಲಾಗಿ ಇಟ್ಟು ವಂಶವೃಕ್ಷ ಬರೆದರು. ಆ ತಂಡದ ಮುಂದಾಳು ಮಾರ್ಕ್ ಚೇಸ್. ಅವರು ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿದ್ದಾಗ ಸಂಗಡಿಗರೊಂದಿಗೆ 2002ರಲ್ಲಿ ಆ ಸಸ್ಪೆನ್ಸ್ ಅಕೌಂಟನ್ನೇ ತಪಾಸಣೆಗೆ ತೆಗೆದುಕೊಂಡರು.

ಫಲಿತಾಂಶ ಏನಾಯಿತು? ಹಳೆಯ ಕುಟುಂಬ ಮುಖ್ಯವಾಗಿ ಎರಡು ಪಾಲಾಯಿತು. ಲೂಬಿಕ್ಕದ ಬಳಗ ನೇರವಾಗಿ ವಿಲ್ಲೋ, ಪಾಪ್ಲರ್‌ಗಳ ಪಕ್ಕಕ್ಕೆ ಬಂದು ನಿಂತಿತು. ಮರೋಟಿಯ ಬಳಗ ಅಕೇರಿಯೇಸಿ ಎಂಬ ಬೇರೆಯೇ ಕುಟುಂಬಕ್ಕೆ ಹೋಯಿತು. ಎರಡೇ ಕುಲಗಳಿದ್ದ ವಿಲ್ಲೋ ಕುಟುಂಬದಲ್ಲಿ ಈಗ ಐವತ್ತಕ್ಕೂ ಹೆಚ್ಚು ಕುಲಗಳಿವೆ. ಇನ್ನೂ ಮೇಲಿನ ಹಂತಕ್ಕೆ ಹೋದರೆ ಇವೆಲ್ಲದರ ದೂರದ ಬಂಧುಗಳಲ್ಲಿ ನಮ್ಮ ರಬ್ಬರ್, ಮರಗೆಣಸು, ಹರಳು, ನೆಲ್ಲಿ, ಪುನರ್ಪುಳಿ ಎಲ್ಲವೂ ಇವೆ.

ಕೇವಲ ಅಕ್ಷರ ನೋಡಿ ನಂಬಬೇಕೇ ಎಂದು ನೀವು ಕೇಳಬಹುದು. ಬೇರೆ ಸಾಕ್ಷಿಗಳೂ ಇವೆ. ಒಂದು, ಚಿಟ್ಟೆಯ ಸಾಕ್ಷಿ. ಕಂದುಹಳದಿ ರೆಕ್ಕೆಯ ಮೇಲೆ ಕಪ್ಪು ಚುಕ್ಕೆಗಳಿರುವ, ಕಾಮನ್ ಲೆಪರ್ಡ್ ಎಂದು ಕರೆಯುವ ಚಿಟ್ಟೆ ನಮ್ಮಲ್ಲಿ ಸಾಮಾನ್ಯ. ಅದರ ಹುಳು ಹಣ್ಣುಸಂಪಿಗೆಯ ಬಳಗದ ಎಲೆಯನ್ನೂ ತಿನ್ನುತ್ತದೆ, ವಿಲ್ಲೋವಿನ ಎಲೆಯನ್ನೂ ತಿನ್ನುತ್ತದೆ. ಅದು ಪುಸ್ತಕ ಓದಿದ್ದಲ್ಲ, ಎಲೆಯ ರುಚಿ ಹಿಡಿದು ಹೋಗುವಂಥದ್ದು. ಎರಡು, ರಾಸಾಯನಿಕದ ಸಾಕ್ಷಿ. ವಿಲ್ಲೋ ತೊಗಟೆಯಲ್ಲಿ ಸ್ಯಾಲಿಸಿನ್ ಉಂಟು. ಅದರ ಜಾತಿಯ ವಸ್ತುಗಳು ಲೂಬಿಕ್ಕದ ಬಳಗದಲ್ಲಿಯೂ ಸಿಕ್ಕಿವೆ. ಮರೋಟಿಯ ಬಳಗದಲ್ಲಿ ಇರುವುದು ಬೇರೆ, ಸಯನೈಡ್ ಬಿಡುವ ವಿಷವಸ್ತುಗಳು. ಮೂರು, ಕಲ್ಲಿನ ಸಾಕ್ಷಿ. ಅಮೆರಿಕದ ಯೂಟಾ, ಕೊಲೊರಾಡೊ ಸೀಮೆಯ ಸುಮಾರು ಐದು ಕೋಟಿ ವರ್ಷ ಹಿಂದಿನ ಕಲ್ಲಿನಲ್ಲಿ ವಿಲ್ಲೋವಿಗೂ ಈ ಬಳಗಕ್ಕೂ ನಡುವಿನದ್ದೆನ್ನಬಹುದಾದ ಸಸ್ಯದ ಅಚ್ಚು ಸಿಕ್ಕಿದ್ದನ್ನು 2003ರಲ್ಲಿ ಪ್ರಕಟಿಸಿದರು. ಹೀಗೆ ನಾಲ್ಕು ಕಡೆಯ ಲೆಕ್ಕ ತಾಳೆಯಾದ ಮೇಲೆ ಸಂಶಯಕ್ಕೆ ಎಡೆ ಕಡಿಮೆ.

ಆದರೂ ಈ ಕೆಲಸದಲ್ಲಿ ತೊಡಕು ಇಲ್ಲದೆ ಇಲ್ಲ. ಆರ್‌ಬಿಸಿಎಲ್ ಇರುವುದು ಎಲೆಯ ಹಸಿರು ಕಣಗಳಲ್ಲಿ. ಸಾಮಾನ್ಯವಾಗಿ ಆ ಕಣಗಳು ತಾಯಿ ಮರದಿಂದ ಮಾತ್ರ ಬರುತ್ತವೆ. ಅಳಿಯಕಟ್ಟಿನ ಮನೆಗಳಲ್ಲಿ ಬಳಿ ತಾಯಿಯಿಂದ ಬರುವುದನ್ನು, ಮಲಯಾಳಿಗಳಲ್ಲಿ ತರವಾಡು ತಾಯಿಯ ಕಡೆಯಿಂದ ನಡೆದುಬಂದದ್ದನ್ನು ನಾವು ಬಲ್ಲೆವು. ಬಳಿ ಕೇಳಿದರೆ ತಂದೆಯ ಮನೆ ಯಾವುದೆಂದು ತಿಳಿಯುವುದಿಲ್ಲ. ವಿಲ್ಲೋಗಳಲ್ಲಿ ಒಂದು ಪ್ರಭೇದಕ್ಕೂ ಇನ್ನೊಂದಕ್ಕೂ ಮಿಶ್ರಣ ಬಹಳ. ಆದ್ದರಿಂದ ತಂದೆ ತಾಯಿ ಇಬ್ಬರಿಂದಲೂ ಬರುವ, ಜೀವಕೋಶದ ಕೇಂದ್ರದಲ್ಲಿರುವ ಡಿಎನ್‌ಎಯನ್ನೂ ಓದಿ ಎರಡನ್ನೂ ಹೋಲಿಸಬೇಕು. ಹೀಗೆ ಓದುವ ಕೆಲಸ ಬಹಳ ಮುಂದುವರಿಯಿತು. 2006ರಲ್ಲಿ ಪಾಪ್ಲರ್ ಮರದ ಸಮಗ್ರ ಬರಹ ಪ್ರಕಟವಾಯಿತು. ಮರವೊಂದರ ಡಿಎನ್‌ಎಯನ್ನು ಪೂರ್ತಿಯಾಗಿ ಓದಿದ್ದು ಅದೇ ಮೊದಲು. ವಿಲ್ಲೋ, ಪಾಪ್ಲರ್ ಎರಡರ ಪೂರ್ವಿಕನಲ್ಲಿ ಇಡೀ ಬರಹವೇ ಒಮ್ಮೆ ಇಮ್ಮಡಿಯಾಗಿತ್ತು ಎಂಬುದೂ ಇದರಿಂದ ಹೊರಬಿತ್ತು.

ಸೈಬೀರಿಯಾ, ಕೊರಿಯಾ, ಜಪಾನುಗಳಲ್ಲಿ ಚೊಸೇನಿಯಾ ಎಂಬ ಮರ ಉಂಟು. ಹೂವು ಜೋತುಬಿದ್ದು ಗಾಳಿಯಿಂದಲೇ ಪರಾಗ ಹರಡುತ್ತದೆ ಎಂಬ ಕಾರಣಕ್ಕೆ ಅದನ್ನು ವಿಲ್ಲೋವಿನಿಂದ ಬೇರ್ಪಡಿಸಿ ಪ್ರತ್ಯೇಕ ಕುಲವೆಂದು ಇಟ್ಟಿದ್ದರು. ಜಪಾನಿನ ವಿಜ್ಞಾನಿಗಳು 2000ದಲ್ಲಿ ಡಿಎನ್‌ಎ ನೋಡಿದಾಗ ಅದು ವಿಲ್ಲೋಗಳ ನಡುವೆಯೇ ಬಂದು ಕೂತಿತು. ಬೇರೆ ಪಾಲು ಕೊಟ್ಟವನು ಒಡಹುಟ್ಟಿದವನೇ ಎಂದು ಗೊತ್ತಾಯಿತು.

ಕುಟುಂಬದ ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದರಲ್ಲಿ ವಿದ್ವಾಂಸರೆಲ್ಲ ಈಗಲೂ ಒಮ್ಮತಕ್ಕೆ ಬಂದಿಲ್ಲ. ಕೆಲವರು ಸಣ್ಣ ಕುಟುಂಬಗಳಾಗಿ ಒಡೆಯುತ್ತಾರೆ. ಗೆರೆ ಎಳೆಯುವುದು ಮನುಷ್ಯರ ಅನುಕೂಲಕ್ಕೆ. ಇದು ಗಡಿನಾಡಿನ ನಮಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ಕೇರಳಕ್ಕೆ ಸೇರಿತು. ಪುತ್ತೂರು, ಸುಳ್ಯಕ್ಕೆ ಮದುವೆಯಾಗಿ ಹೋಗಿದ್ದ ಅಕ್ಕತಂಗಿಯರು ಅಕ್ಕತಂಗಿಯರಾಗಿಯೇ ಉಳಿದರು.

ಇದೆಲ್ಲ ನಮಗೆ ಯಾಕೆ ಎಂಬ ಪ್ರಶ್ನೆಗೆ ಬರುತ್ತೇನೆ. ಸಂಬಂಧ ಸರಿಯಾಗಿ ತಿಳಿದರೆ ಗುಣದ ಸುಳಿವು ಸಿಗುತ್ತದೆ. 1763ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಸ್ಟೋನ್ ಎಂಬ ಪಾದ್ರಿ, ವಿಲ್ಲೋ ತೊಗಟೆಯ ಪುಡಿಯಿಂದ ಜ್ವರ ಇಳಿಯುತ್ತದೆ ಎಂದು ರಾಯಲ್ ಸೊಸೈಟಿಗೆ ಬರೆದರು. 1828ರಲ್ಲಿ ಜರ್ಮನಿಯ ಬುಕ್ನರ್ ತೊಗಟೆಯಿಂದ ಸ್ಯಾಲಿಸಿನ್ ಬೇರ್ಪಡಿಸಿದರು. ಅದರ ಸಂಬಂಧದ ರಾಸಾಯನಿಕದಿಂದ 1897ರಲ್ಲಿ ಬಾಯರ್ ಕಂಪೆನಿಯಲ್ಲಿ ಸಿದ್ಧವಾದದ್ದೇ ಆಸ್ಪಿರಿನ್. ಇಂಥ ವಸ್ತುವನ್ನು ಮುಂದೆ ಹುಡುಕುವವರು ಮೊದಲು ಯಾವ ಮರಗಳ ಹತ್ತಿರ ಹೋಗಬೇಕು? ಹಳೆಯ ಪಟ್ಟಿ ಹಿಡಿದವರು ಲೂಬಿಕ್ಕದ ನೆಂಟನೆಂದು ಮರೋಟಿಯ ಹತ್ತಿರ ಹೋಗುತ್ತಿದ್ದರು. ಹೊಸ ಪಟ್ಟಿ ವಿಲ್ಲೋವಿನ ಕಡೆಗೆ ಕೈ ತೋರಿಸುತ್ತದೆ. ಆದರೆ ನೆನಪಿರಲಿ, ನೆಂಟಸ್ತನ ಹುಡುಕುವವರಿಗೆ ಒಂದು ಸುಳಿವು ಮಾತ್ರ. ಅದನ್ನು ನಂಬಿ ಯಾವ ಮರದ ತೊಗಟೆಯನ್ನೂ ಕುದಿಸಿ ಕುಡಿಯಬೇಡಿ.

ಹೆಸರು ನೋಡಿ ನಂಬುವುದಂತೂ ಇನ್ನೂ ಅಪಾಯ. ಹಣ್ಣುಸಂಪಿಗೆಗೂ ಹೂವಿನ ಸಂಪಿಗೆಗೂ ಹತ್ತಿರದ ಸಂಬಂಧವಿಲ್ಲ. ಹೊಳೆದಡದ ಆಟ್ಟುಪಾಲಕ್ಕೂ ಆಟಿ ಅಮಾವಾಸ್ಯೆಯಂದು ಕಷಾಯಕ್ಕೆ ತೊಗಟೆ ತರುವ ಪಾಲೆಗೂ ಹೆಸರಿನ ಹೋಲಿಕೆ ಬಿಟ್ಟರೆ ಹತ್ತಿರದ ನೆಂಟಸ್ತನವಿಲ್ಲ. ಬೆಳಗಾಗುವ ಮೊದಲು ಕತ್ತಲಲ್ಲಿ ಹೋಗಿ ಪಾಲೆಯ ಬದಲು ಕಾಸರಕನ ತೊಗಟೆ ತಂದರೆ ಪ್ರಾಣಕ್ಕೇ ಸಂಚಕಾರ. ಅದಕ್ಕಾಗಿಯೇ ಮರದ ಗುರುತು ಬಲ್ಲ ಹಿರಿಯರನ್ನು ಹಗಲಲ್ಲೇ ಕೇಳಿ, ಮರ ನೋಡಿಟ್ಟುಕೊಳ್ಳಬೇಕು.

ಇಲ್ಲಿ ನಮ್ಮಂಥ ಎರಡು ಮೂರು ಭಾಷೆಯವರಿಗೆ ಒಂದು ಕೆಲಸ ಉಂಟು. ಡಿಎನ್‌ಎ ಓದುವ ಯಂತ್ರಕ್ಕೆ ಅಕ್ಷರ ಗೊತ್ತು, ಮರ ಗೊತ್ತಿಲ್ಲ. ಎಲೆ ಯಾವ ಮರದ್ದು ಎಂದು ಮನುಷ್ಯನೇ ಹೇಳಬೇಕು. ಅದಕ್ಕಾಗಿ ಅದೇ ಮರದ ಒಂದು ರೆಂಬೆಯನ್ನು ಒಣಗಿಸಿ, ಊರು, ದಿನಾಂಕ, ಸ್ಥಳೀಯ ಹೆಸರು ಬರೆದು ಕಾಪಿಡುತ್ತಾರೆ. ಸಸ್ಯಶಾಸ್ತ್ರಜ್ಞರು ಅದನ್ನು ವೌಚರ್ ಎಂದೇ ಕರೆಯುತ್ತಾರೆ. ವೌಚರ್ ಇಲ್ಲದ ನಮೂದನ್ನು ಯಾವ ಆಡಿಟರೂ ಒಪ್ಪುವುದಿಲ್ಲ, ಅಲ್ಲವೇ? ಹೆಸರು ತಪ್ಪಿದರೆ ಮುಂದಿನ ವಂಶಾವಳಿಯ ಲೆಕ್ಕವೂ ತಪ್ಪುತ್ತದೆ.

ನಮ್ಮ ಅಜ್ಜಿಯಂದಿರು ಒಂದೇ ಮರವನ್ನು ಕನ್ನಡದಲ್ಲೊಂದು, ತುಳುವಿನಲ್ಲೊಂದು, ಮಲಯಾಳದಲ್ಲೊಂದು ಹೆಸರಿನಿಂದ ಕರೆದು, ಎಲೆ ಮುರಿದು ಮೂಸಿ ಗುರುತಿಸುತ್ತಿದ್ದರು. ಆ ತಿಳಿವಳಿಕೆ ಯಾವ ಪುಸ್ತಕದಲ್ಲಿಯೂ ಪೂರ್ತಿಯಾಗಿ ಇಲ್ಲ. ಅದು ಅವರೊಂದಿಗೇ ಹೋದರೆ ಯಾವ ಯಂತ್ರವೂ ಅದನ್ನು ಮರಳಿ ಓದಿಕೊಡಲಾರದು. ಈ ಭಾನುವಾರ ನಿಮ್ಮ ಹಿತ್ತಿಲಿನ ಹತ್ತು ಮರಗಳನ್ನು ಹಿರಿಯರಿಗೆ ತೋರಿಸಿ, ಅವರಿಗೆ ಗೊತ್ತಿರುವ ಎಲ್ಲ ಭಾಷೆಯ ಹೆಸರುಗಳನ್ನೂ ಮಕ್ಕಳ ಕೈಯಲ್ಲಿ ಬರೆಸಿ ಇಡಿ. ಹೆಸರಿನ ಎದುರಿಗೆ ಮರ ಇರುವ ಜಾಗವನ್ನೂ ಬರೆಸಿ. ಅಷ್ಟು ಮಾಡಿದರೆ ಮುಂದೆ ಬಂದು ಕೇಳುವವರಿಗೆ ಒಂದು ನಂಬಿಕೆಯ ಖಾತೆ ಸಿಕ್ಕಿದ ಹಾಗಾಯಿತು.