ಮನಸ್ಸಿನ ಕಾಯಿಲೆಗೆ ರಕ್ತ ಪರೀಕ್ಷೆ ಏಕೆ?

ನಾನು ಮನೋವೈದ್ಯ. ಇವತ್ತಿನ ಮಾತನ್ನು ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ಅಮ್ಮ ಮೈಸೂರಿನಿಂದ ಮಿಷಿಗನ್ನಿನ ನಮ್ಮ ಮನೆಗೆ ಬಂದಿದ್ದರು. ಆ ಚಳಿಗಾಲದಲ್ಲಿ ಅವರ ಮಾತು ಕಡಿಮೆಯಾಯಿತು. ಮೊಮ್ಮಕ್ಕಳ ಹೆಸರು ಹೇಳಲು ತಡವರಿಸುತ್ತಿದ್ದರು. "ಏನೂ ಬೇಡ ಅನ್ನಿಸುತ್ತೆ ಕಣೋ" ಎನ್ನುತ್ತಿದ್ದರು. ಹಿಮ, ಒಂಟಿತನ, ಊರಿನ ನೆನಪು ಎಂದು ನಾನೇ ಕಾರಣ ಕೊಟ್ಟುಕೊಂಡೆ. ಪರಿಚಯದ ವೈದ್ಯರಿಂದ ಖಿನ್ನತೆಗೆ ಮಾತ್ರೆ ಬರೆಸಿದೆ. "ಪಾದ ಜೋಮು ಹಿಡಿಯುತ್ತೆ" ಎಂದು ಅವರು ಹೇಳಿದ್ದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಐದು ತಿಂಗಳ ನಂತರ ಬೇರೊಬ್ಬ ವೈದ್ಯೆ ಕೇಳಿದ್ದು ಎರಡೇ ಪ್ರಶ್ನೆ: ಏನು ಊಟ ಮಾಡುತ್ತೀರಿ? ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ? ಅಮ್ಮ ಸಸ್ಯಾಹಾರಿ. ಹಾಲು ಮೊಸರಿನಲ್ಲಿ ಬಿ12 ಸ್ವಲ್ಪ ಇದೆ, ಸೊಪ್ಪು ಕಾಳುಗಳಲ್ಲಿ ಇಲ್ಲ. ಜೊತೆಗೆ ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಎದೆಯುರಿಗೆ ಒಮೆಪ್ರಜೋಲ್. ಎರಡೂ ದೇಹ ಬಿ12 ಹೀರಿಕೊಳ್ಳುವುದನ್ನು ತಗ್ಗಿಸುತ್ತವೆ. ಪರೀಕ್ಷೆಯಲ್ಲಿ ಬಿ12 ತೀರಾ ಕಡಿಮೆ ಇತ್ತು. ಇಂಜೆಕ್ಷನ್ ಶುರುವಾಗಿ ಕೆಲವು ತಿಂಗಳಲ್ಲಿ ಅಮ್ಮ ಮೊದಲಿನಂತೆ ನನ್ನನ್ನು ಬೈಯತೊಡಗಿದರು. ಪಾದದ ಜೋಮು ಮಾತ್ರ ಪೂರ್ತಿ ಹೋಗಲಿಲ್ಲ. ಆ ಐದು ತಿಂಗಳು ನನ್ನ ಲೆಕ್ಕಕ್ಕೇ ಸೇರಿವೆ.

"ಹಿಮೋಗ್ಲೋಬಿನ್ ಸರಿಯಿದೆಯಲ್ಲ" ಎಂದು ಸುಮ್ಮನಾಗಬೇಡಿ. ಬಿ12 ಕೊರತೆಯಿಂದ ನರ ಮತ್ತು ಮನಸ್ಸಿನ ತೊಂದರೆಯಾದ 141 ರೋಗಿಗಳ ಅಧ್ಯಯನವೊಂದು 1988ರಲ್ಲಿ ಪ್ರಕಟವಾಯಿತು. ಅವರಲ್ಲಿ 40 ಜನರಿಗೆ ರಕ್ತಹೀನತೆಯೂ ಇರಲಿಲ್ಲ, ಕೆಂಪು ರಕ್ತಕಣಗಳು ದೊಡ್ಡದಾಗಿಯೂ ಇರಲಿಲ್ಲ.

ಥೈರಾಯ್ಡ್ ಕುಗ್ಗಿದರೆ ಮನಸ್ಸು ಮಂಕಾಗುತ್ತದೆ, ಹೆಚ್ಚಾದರೆ ಆತಂಕ, ನಡುಕ. ಕಬ್ಬಿಣದ ಅಂಶ ಕಡಿಮೆಯಾದರೆ ಸುಸ್ತು, ಸಿಡುಕು. ಇವೆಲ್ಲ ಸಾಮಾನ್ಯ ಪರೀಕ್ಷೆಗಳಲ್ಲೇ ತಿಳಿಯುತ್ತವೆ.

ಇನ್ನು ಪರಿಸರದಿಂದ ಬರುವ ಸೀಸ. ಮಕ್ಕಳ ಕಲಿಕೆ, ಗಮನ, ನಡವಳಿಕೆಗಳನ್ನು ಅದು ಕೆಡಿಸುತ್ತದೆ. ದೊಡ್ಡವರಲ್ಲೂ ಸಿಡುಕು, ಮರೆವು ತರಬಲ್ಲದು. ಭಾರತದಲ್ಲಿ ಈ ಬಗ್ಗೆ ಎಚ್ಚರಿಸಿದವರಲ್ಲಿ ಮುಖ್ಯರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರೊ. ತುಪ್ಪಿಲ್ ವೆಂಕಟೇಶ್. ಇದು ಊರಿಗೆ ಮಾತ್ರ ಸೇರಿದ ವಿಷಯವಲ್ಲ. ಬಾಸ್ಟನ್ ಸುತ್ತಲಿನ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಔಷಧಿಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತೆಂದು 2004ರಲ್ಲಿ ವರದಿಯಾಯಿತು. ಊರಿಂದ ತಂದ ಭಸ್ಮ, ಕಾಡಿಗೆ, ಬಿಡಿ ಅರಿಶಿನಪುಡಿ ಬಳಸುವುದಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ.

ಈಗ ನಾಣ್ಯದ ಇನ್ನೊಂದು ಮುಖ. ನನ್ನ ಬಳಿ ಬಂದ ಯುವಕನೊಬ್ಬ ಒಂದು ವರ್ಷ ದುಬಾರಿ ಪರೀಕ್ಷೆಗಳನ್ನೇ ಮಾಡಿಸುತ್ತಿದ್ದ. ಕೂದಲು ಪರೀಕ್ಷೆಯನ್ನೂ ಬಿಟ್ಟಿರಲಿಲ್ಲ. ಡಿ ವಿಟಮಿನ್ ಸ್ವಲ್ಪ ಕಡಿಮೆಯಿತ್ತು, ಅಷ್ಟೇ. ಅವನಿಗೆ ಇದ್ದದ್ದು ತೀವ್ರ ಖಿನ್ನತೆ. ಐವತ್ತು ದಾಟಿದ 18,353 ಜನರಿಗೆ ಸುಮಾರು ಐದು ವರ್ಷ ಡಿ ವಿಟಮಿನ್ ಅಥವಾ ಹುಸಿ ಮಾತ್ರೆ ಕೊಟ್ಟು ನೋಡಿದ ಅಧ್ಯಯನದ ಫಲಿತಾಂಶ 2020ರಲ್ಲಿ ಬಂತು. ಖಿನ್ನತೆ ತಡೆಯುವುದರಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ.

ನಮ್ಮವರಲ್ಲಿ ವಿಟಮಿನ್ ಕಡಿಮೆ ಎಂದು ಹೇಳಿಕೊಳ್ಳುವುದು ಸುಲಭ, ಮನೋವೈದ್ಯರ ಬಳಿ ಹೋದೆ ಎನ್ನುವುದು ಕಷ್ಟ. ಆ ನಾಚಿಕೆಗೆ ರಕ್ತ ಪರೀಕ್ಷೆ ಮರೆಯಾಗಬಾರದು. ವರದಿಯಲ್ಲಿ ಎಲ್ಲ ಸರಿಯಿದೆ ಎಂದಮಾತ್ರಕ್ಕೆ ಸಂಕಟ ಸುಳ್ಳಾಗುವುದಿಲ್ಲ.

ಆದ್ದರಿಂದ ಮನೆಯಲ್ಲಿ ಯಾರಾದರೂ ಮಂಕಾದರೆ ಊಟದ ವಿವರ, ಮಾತ್ರೆಗಳ ಪಟ್ಟಿ ಹಿಡಿದು ವೈದ್ಯರ ಬಳಿ ಹೋಗಿ, ಪರೀಕ್ಷೆಯ ಬಗ್ಗೆ ಕೇಳಿ. ಅದೇ ದಿನ ಮನಸ್ಸಿನ ವಿಷಯವನ್ನೂ ಮಾತಾಡಿ. ಸಾಯುವ ಮಾತು ಬಂದರೆ ಮಾತ್ರ ಯಾವ ವರದಿಗೂ ಕಾಯಬೇಡಿ. ಇಲ್ಲಿ 988ಕ್ಕೆ ಕರೆ ಮಾಡಿ.

ಅಮ್ಮ ಪಾದ ಜೋಮು ಎಂದಾಗ ನಾನು ಕೂತು ಕೇಳಬೇಕಿತ್ತು. ನೀವು ಕೇಳಿ.